ಕೀಮೋ ಮುಗೀತು, ಕರೆಂಟ್ ಮುಗೀತು, ಇನ್ನು ಮನಸ್ಸಿನ ಕೆಲಸ

ಕ್ಯಾನ್ಸರ್ ಟ್ರೀಟ್‌ಮೆಂಟ್ ನಡೆಯುವಾಗ ಅಳುವುದಕ್ಕೂ ಪುರುಸೊತ್ತು ಇರುವುದಿಲ್ಲ. ಇವತ್ತು ರಕ್ತ ಪರೀಕ್ಷೆ, ನಾಳೆ ಕೀಮೋ. ರಕ್ತಕಣಗಳ ಕೌಂಟ್ ಕಡಿಮೆ ಬಂದರೆ ಕೀಮೋ ಮುಂದಿನ ವಾರಕ್ಕೆ. ನಡುವೆ ಸರ್ಕಾರಿ ಸ್ಕೀಮಿನ ಕಾಗದಕ್ಕೆ ಓಡಾಟ, ಆಮೇಲೆ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸುವುದು. ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆಯವರಿಗೆ ಇದರ ಮೇಲೆ ಊರೂರು ಅಲೆದಾಟ ಬೇರೆ. ಕೆಲವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ, ಕೆಲವರು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ರಾಯಚೂರಿನವರು ಕಲಬುರಗಿಗೋ ಹೈದರಾಬಾದಿಗೋ ಹೋಗುತ್ತಾರೆ. ಕೊನೆಗೊಂದು ದಿನ ಡಾಕ್ಟರು "ಮುಗೀತು, ಇನ್ನು ಮೂರು ತಿಂಗಳು ಬಿಟ್ಟು ಬನ್ನಿ" ಅನ್ನುತ್ತಾರೆ. ಮನೆಯಲ್ಲಿ ಪೇಡೆ ಹಂಚುತ್ತಾರೆ. ಎಲ್ಲರಿಗಿಂತ ಜಾಸ್ತಿ ಖುಷಿಪಡಬೇಕಾದವರು ಮಾತ್ರ ಮಂಕಾಗಿ ಕೂತಿರುತ್ತಾರೆ.

ಇದಕ್ಕೆ ಕಾರಣವಿದೆ. ಅಲ್ಲಿಯವರೆಗೆ ಭಯಪಡುವ ಕೆಲಸವನ್ನು ಮನಸ್ಸು ಮುಂದೂಡಿರುತ್ತದೆ. ದಿನದ ಗಡಿಬಿಡಿ ನಿಂತ ಮೇಲೆ ಅದೆಲ್ಲ ಒಟ್ಟಿಗೇ ಬರುತ್ತದೆ. ಅದೇ ಹೊತ್ತಿಗೆ ನೋಡಲು ಬರುತ್ತಿದ್ದ ನೆಂಟರು ಬರುವುದನ್ನು ಬಿಡುತ್ತಾರೆ, ಡಾಕ್ಟರು ನರ್ಸುಗಳ ಮುಖವೂ ದಿನಾ ಕಾಣುವುದಿಲ್ಲ. ನಾನು ಎದೆಯ ಕ್ಯಾನ್ಸರಿನ ಟ್ರೀಟ್‌ಮೆಂಟ್ ಮುಗಿಸಿಕೊಂಡು ಕೊಪ್ಪಳಕ್ಕೆ ವಾಪಸ್ ಬಂದವಳು. ಓಪಿಡಿ ಸಾಲಿನಲ್ಲಿ ಪರಿಚಯವಾದವರ ಜೊತೆ ಈಗಲೂ ಫೋನಿನಲ್ಲಿ ಮಾತಾಡುತ್ತೇನೆ. ನಮಗೆಲ್ಲ ಉಪಯೋಗಕ್ಕೆ ಬಂದದ್ದನ್ನು ಇಲ್ಲಿ ಬರೆದಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನಸ್ಸು ಸರಿಹೋಗುವುದು ಸಮಾಧಾನದ ಮಾತಿನಿಂದ ಕಡಿಮೆ, ನಮ್ಮ ಕೆಲಸ ನಮ್ಮ ಕೈಗೆ ವಾಪಸ್ ಬರುವುದರಿಂದ ಜಾಸ್ತಿ.

ಮೊದಲು ರಕ್ತ ತೋರಿಸಿ

ಸುಸ್ತು, ಬೇಜಾರು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ಇದೆಲ್ಲ ಮನಸ್ಸಿನದೇ ಅಂತ ತೀರ್ಮಾನ ಮಾಡುವ ಮುಂಚೆ ದೇಹದ ಕಡೆ ಒಮ್ಮೆ ನೋಡಬೇಕು. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಎಷ್ಟು ಧೈರ್ಯ ಹೇಳಿದರೂ ಮೈ ಏಳುವುದಿಲ್ಲ. ಬಾಯಿ ಅಥವಾ ಗಂಟಲಿನ ಕ್ಯಾನ್ಸರಿಗೆ ಕುತ್ತಿಗೆಯ ಭಾಗಕ್ಕೆ ಕರೆಂಟ್ ಕೊಟ್ಟಿದ್ದರೆ ಥೈರಾಯ್ಡ್ ನಿಧಾನವಾಗುವ ಸಾಧ್ಯತೆ ಇರುತ್ತದೆ. ಅದು ವರ್ಷಗಳಾದ ಮೇಲೂ ಬರಬಹುದು. ಮಂಕು, ತೂಕ ಏರುವುದು, ಚಳಿ ತಡೆಯದಿರುವುದು ಅದರ ಲಕ್ಷಣ. ಟಿಎಸ್‌ಎಚ್ ಅನ್ನುವ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ದಿನಕ್ಕೊಂದು ಮಾತ್ರೆಯಲ್ಲಿ ಹಿಡಿತಕ್ಕೆ ಬರುತ್ತದೆ.

ಎದೆಯ ಕ್ಯಾನ್ಸರ್ ಮತ್ತೆ ಬಾರದಿರಲಿ ಅಂತ ಕೊಡುವ ಟಮೋಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿರುವ ಹೆಂಗಸರಿಗೆ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವುದು, ರಾತ್ರಿ ಎಚ್ಚರವಾಗುವುದು, ಸಣ್ಣ ಮಾತಿಗೂ ಕಣ್ಣಲ್ಲಿ ನೀರು ಬರುವುದು ಇದ್ದದ್ದೇ. ಕೀಮೋದಿಂದ ಮುಟ್ಟು ಬೇಗ ನಿಂತವರಿಗೂ ಹೀಗಾಗುತ್ತದೆ. "ನನಗ್ಯಾಕೋ ತಲೆ ಕೆಟ್ಟಿದೆ" ಅಂತ ಒಳಗೇ ನುಂಗಿಕೊಳ್ಳುವ ಬದಲು ಡಾಕ್ಟರಿಗೆ ಹೇಳಿ. ಆದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅದನ್ನು ಐದರಿಂದ ಹತ್ತು ವರ್ಷ ಕೊಡುವುದಕ್ಕೆ ಕಾರಣವಿದೆ.

ಕೀಮೋದ ಸುಸ್ತು ಮಲಗಿದರೆ ಹೋಗುವ ಸುಸ್ತಲ್ಲ. ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಕ್ಕೂ ಮೇಲೆ ಇರುತ್ತದೆ. ಮರೆವೂ ಹಾಗೇ. ಹಾಲಿನವನಿಗೆ ದುಡ್ಡು ಕೊಟ್ಟೆನೋ ಇಲ್ಲವೋ ನೆನಪಾಗುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಸುಮ್ನೆ ತಲೆಗೆ ಕೆಲಸ ಕೊಡಬೇಡಿ.

ಸುಸ್ತಿಗೆ ಮಲಗುವುದಕ್ಕಿಂತ ನಡೆಯುವುದು ಒಳ್ಳೆಯ ಮದ್ದು. ವಾರಕ್ಕೆ ಮೂರು ಸಲ ಅರ್ಧ ಅರ್ಧ ಗಂಟೆ ಚುರುಕಾಗಿ ನಡೆಯುವುದು ಸುಸ್ತು, ಆತಂಕ, ಖಿನ್ನತೆ ಮೂರನ್ನೂ ಇಳಿಸುತ್ತದೆ ಅಂತ 2019ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪು ಅಧ್ಯಯನಗಳನ್ನೆಲ್ಲ ಪರಿಶೀಲಿಸಿ ಹೇಳಿದೆ. ಮೊದಲ ವಾರ ಓಣಿಯ ತುದಿಯವರೆಗೆ ಹೋಗಿ ಬಂದರೂ ಸಾಕು. ನಮ್ಮ ಕಡೆ ಮಾರ್ಚಿನಿಂದ ಮೇ ತನಕ ಬೆಳಗ್ಗೆ ಏಳರೊಳಗೆ ಮುಗಿಸಿಬಿಡಿ. ರಾಯಚೂರು ಬಿಸಿಲಿನಲ್ಲಿ ಗಟ್ಟಿಮುಟ್ಟಾಗಿ ಇರುವವರೇ ತತ್ತರಿಸುತ್ತಾರೆ, ಇನ್ನು ನಮ್ಮ ಪಾಡೇನು?

ಕೈಬಿಟ್ಟ ಕೆಲಸ ಒಂದೊಂದೇ ವಾಪಸ್ ತೆಗೆದುಕೊಳ್ಳಿ

ಕಾಯಿಲೆ ಬಂದಾಗ ಮನೆಯವರು ಪ್ರೀತಿಯಿಂದಲೇ ನಮ್ಮ ಕೈಯಿಂದ ಎಲ್ಲ ತೆಗೆದುಕೊಳ್ಳುತ್ತಾರೆ. ಅಡುಗೆ, ಸಂತೆ, ಬ್ಯಾಂಕು, ಮಕ್ಕಳ ಸ್ಕೂಲು, ಹೊಲದ ಲೆಕ್ಕ. ಟ್ರೀಟ್‌ಮೆಂಟ್ ಮುಗಿದ ಮೇಲೆ ಅದನ್ನು ವಾಪಸ್ ಕೊಡಬೇಕು ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ಕೇಳಿದರೆ "ನೀ ಸುಮ್ನ ಆರಾಮ ಕೂಡು" ಅನ್ನುತ್ತಾರೆ. ಕೂತು ಕೂತು ಆ ಮನೆಯಲ್ಲಿ ನಾವು ಅತಿಥಿಗಳಾಗುತ್ತೇವೆ. "ಎಲ್ಲರಿಗೂ ಭಾರವಾಗಿದ್ದೀನಿ" ಅನ್ನುವ ಯೋಚನೆ ಹುಟ್ಟುವುದೇ ಇಲ್ಲಿಂದ.

ಒಂದು ಹಾಳೆ ತೆಗೆದುಕೊಳ್ಳಿ. ಕಾಯಿಲೆಗೆ ಮುಂಚೆ ನೀವು ಮಾಡುತ್ತಿದ್ದ ಕೆಲಸಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ ಈಗಲೇ ಆಗುತ್ತದೋ, ಜೊತೆಗೊಬ್ಬರು ಬೇಕೋ, ಇನ್ನೂ ಸ್ವಲ್ಪ ತಿಂಗಳು ಬೇಡವೋ ಅಂತ ಗುರುತು ಹಾಕಿ. ಈಗಲೇ ಆಗುವ ಕೆಲಸಗಳಲ್ಲಿ ಒಂದನ್ನು ಮಾತ್ರ ಆರಿಸಿ. ಅದು ನಿಮ್ಮದೇ ಅಂತ ಮನೆಯಲ್ಲಿ ಹೇಳಿಬಿಡಿ. ಅದು ರೂಢಿಯಾದ ಮೇಲೆ ಇನ್ನೊಂದು.

ನನ್ನ ಹಾಳೆಯಲ್ಲಿ ರೊಟ್ಟಿ ಇತ್ತು. ಎದೆಯ ಆಪರೇಷನ್ನಿನಲ್ಲಿ ಕಂಕುಳಿನ ಗಡ್ಡೆ (ದುಗ್ಧಗ್ರಂಥಿ) ತೆಗೆದವರಿಗೆ ಜೋಳದ ರೊಟ್ಟಿ ಸಣ್ಣ ಕೆಲಸವಲ್ಲ. ಕುದಿಯುವ ನೀರು ಹಾಕಿದ ಹಿಟ್ಟನ್ನು ನಾದುವುದಕ್ಕೆ ಭುಜ ಬೇಕು, ಬಡಿಯುವುದಕ್ಕೆ ಅಂಗೈ ಬೇಕು, ಹೆಂಚಿನ ಕಾವಿನ ಮುಂದೆ ನಿಲ್ಲುವುದಕ್ಕೆ ಕಾಲು ಬೇಕು. ಹಾಗಾಗಿ ಮೊದಲು ಶೇಂಗಾ ಹುರಿದದ್ದರ ಸಿಪ್ಪೆ ತೆಗೆಯುವ ಕೆಲಸ ತೆಗೆದುಕೊಂಡೆ, ಕೂತಲ್ಲೇ ಆಗುತ್ತದಲ್ಲ. ಆಮೇಲೆ ಹಿಟ್ಟು ನಾದಿನಿ ನಾದಿಕೊಡುವುದು, ಬಡಿಯುವುದು ನಾನು ಅಂತ ಮಾಡಿಕೊಂಡೆವು. ಮೊದಲನೆಯದು ಅಂಚಿನಲ್ಲಿ ಬಿರುಕು ಬಿಟ್ಟಿತು. ಎತ್ತಿ ಹೆಂಚಿಗೆ ಹಾಕುವಾಗ ನಡುವೆ ಹರಿಯಿತು. ನೀರು ಹಚ್ಚುವ ಒದ್ದೆ ಬಟ್ಟೆ ಹಿಡಿದಿದ್ದ ನಾದಿನಿ "ಬಿಡ್ರೀ ವೈನಿ, ನಾ ಮಾಡ್ತೀನಿ" ಅಂತ ಕೈ ಚಾಚಿದಳು. "ಇರಲಿ ಬಿಡವ್ವಾ, ಹರಿದದ್ದು ನಾನ ತಿಂತೀನಿ" ಅಂದೆ. ಎರಡೇ ರೊಟ್ಟಿ ಮಾಡಿ ಎದ್ದೆ. ಆವತ್ತು ಯಾರ ಉಪದೇಶವೂ ಇಲ್ಲದೆ ಹಸಿವಾಯಿತು.

ಒಂದು ಎಚ್ಚರಿಕೆ. ಕಂಕುಳಿನ ಗಡ್ಡೆ ತೆಗೆದ ಕಡೆಯ ಕೈ ಬಾತುಕೊಳ್ಳುವ ಸಾಧ್ಯತೆ ಯಾವಾಗಲೂ ಇರುತ್ತದೆ. ಆ ಕೈಗೆ ಸುಟ್ಟ ಗಾಯ, ಚಾಕುವಿನ ಗೀರು, ಮುಳ್ಳು ತಾಗದ ಹಾಗೆ ನೋಡಿಕೊಳ್ಳಿ. ಬಿಸಿ ಪಾತ್ರೆ ಇಳಿಸಲು ಇಕ್ಕಳ, ಹೊಲದಲ್ಲಿ ಕೈಗವಸು. ಬಳೆ ಬಿಗಿಯಾದರೆ, ಕೈ ಭಾರ ಅನ್ನಿಸಿದರೆ ಅಥವಾ ಕೆಂಪಾಗಿ ಜ್ವರ ಬಂದರೆ ತಡ ಮಾಡದೆ ತೋರಿಸಿ.

ಗಂಡಸರ ಕಷ್ಟ ಬೇರೆ ರೀತಿ. ನಮ್ಮ ಕಡೆ ಗುಟ್ಕಾ, ತಂಬಾಕು ಜಾಸ್ತಿ. ಬಾಯಿ ಕ್ಯಾನ್ಸರ್ ಆಪರೇಷನ್ ಆದವರಿಗೆ ಮಾತು ತೊದಲುತ್ತದೆ, ಬಾಯಿ ಪೂರ್ತಿ ತೆರೆಯುವುದಿಲ್ಲ. ಅಂಗಡಿಯ ಗಲ್ಲಾದ ಮೇಲೆ ಕೂರಲು ನಾಚಿಕೆ. ಅಂಥವರು ಗಿರಾಕಿಗಳ ಜೊತೆ ಮಾತಾಡುವ ಕೆಲಸ ಮಗನಿಗೆ ಬಿಟ್ಟು, ಲೆಕ್ಕ ಮತ್ತು ಮಾಲು ತರಿಸುವುದನ್ನು ತಾವೇ ಇಟ್ಟುಕೊಳ್ಳಬಹುದು. ವಾಟ್ಸಾಪಿನಲ್ಲಿ ಆರ್ಡರ್ ಹಾಕಲು ಬಾಯಿ ಬೇಕಿಲ್ಲ. ಸಿಂಧನೂರು, ಗಂಗಾವತಿ ಕಡೆ ಭತ್ತ ಮಾಡುವವರು ಕಾಲುವೆ ನೀರಿನ ಪಾಳಿ ನೋಡಿಕೊಳ್ಳುವುದರಿಂದ ಶುರು ಮಾಡಲಿ. ಬೆಳೆಗೆ ಕೀಟದ ಔಷಧಿ ಹೊಡೆಯುವ ಕೆಲಸ ಮಾತ್ರ ಬೇರೆಯವರಿಗೇ ಇರಲಿ. ಡಾಕ್ಟರು ಕೊಟ್ಟ ಬಾಯಿ ತೆರೆಯುವ ವ್ಯಾಯಾಮ ಬಿಡಬೇಡಿ. ಬಿಟ್ಟರೆ ಬಾಯಿ ಇನ್ನೂ ಬಿಗಿಯುತ್ತದೆ. ನಾಲ್ಕು ಜನರ ನಡುವೆ ಕೂತು ಉಣ್ಣುವ ಧೈರ್ಯ ವಾಪಸ್ ಬರುವುದಕ್ಕೆ ಆ ವ್ಯಾಯಾಮವೂ ಬೇಕು.

ನೌಕರಿ ಇರುವವರು ಮೊದಲ ದಿನವೇ ಪೂರ್ತಿ ಕೆಲಸಕ್ಕೆ ಒಪ್ಪಿಕೊಳ್ಳಬೇಡಿ. ಸ್ವಲ್ಪ ದಿನ ಕೂತು ಮಾಡುವ ಕೆಲಸ ಕೊಡಿ ಅಂತ ಡಾಕ್ಟರ ಚೀಟಿ ಜೊತೆ ಕೇಳಿ.

ಯಾರಿಗೆ ಎಷ್ಟು ಹೇಳಬೇಕು

ಊರಲ್ಲಿ ಎಲ್ಲರಿಗೂ ಎಲ್ಲ ಗೊತ್ತಾಗಬೇಕು. ಕಿರಾಣಿ ಅಂಗಡಿ, ಬಸ್ ಸ್ಟ್ಯಾಂಡು, ಮದುವೆ ಮನೆ, ಎಲ್ಲಿ ಹೋದರೂ ಪ್ರಶ್ನೆ. "ಎಲ್ಲಾ ಕಡಿಮಿ ಆತೇನ್ರೀ? ಮತ್ತ ಬರ್ತದಂತಲ್ಲ ಅದು?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿರುವುದಿಲ್ಲ. ಆದರೆ ಆ ಒಂದು ಮಾತಿಗೆ ನಮ್ಮ ರಾತ್ರಿಯ ನಿದ್ದೆ ಹೋಗುತ್ತದೆ. ಉತ್ತರ ಮೊದಲೇ ತಯಾರಿಟ್ಟುಕೊಳ್ಳಿ. ನನ್ನದು: "ಟ್ರೀಟ್‌ಮೆಂಟ್ ಮುಗದೈತ್ರೀ, ಚೆಕಪ್ ನಡದಾವ. ಮಗಳ ಪರೀಕ್ಷೆ ಹೆಂಗಾತು?" ಮಾತು ಅವರ ಮನೆಯ ಕಡೆ ತಿರುಗಿದರೆ ಮುಗಿಯಿತು. ಅವರಿಗೂ ಅದೇ ಬೇಕು.

ಕೆಲವು ಮಾತಿಗೆ ಮಾತ್ರ ಬಾಯಿಮುಚ್ಚಿ ಇರಬಾರದು ಅನ್ನುವುದು ನನ್ನ ಅಭಿಪ್ರಾಯ. ಹಿಂದಿನ ಜನ್ಮದ ಕರ್ಮ ಅನ್ನುವವರು ಇರುತ್ತಾರೆ. ಮುಟ್ಟಿದರೆ, ಒಂದೇ ಲೋಟದಲ್ಲಿ ಕುಡಿದರೆ ಅಂಟುತ್ತದೆ ಅಂತ ಮಕ್ಕಳನ್ನು ದೂರ ಎಳೆದುಕೊಳ್ಳುವವರೂ ಇರುತ್ತಾರೆ. ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ, ಜೊತೆಗೆ ಕೂತು ಉಂಡರೂ ಅಂಟುವುದಿಲ್ಲ. ಇದನ್ನು ಮೆಲ್ಲಗೆ, ಆದರೆ ಗಟ್ಟಿಯಾಗಿ ಒಮ್ಮೆ ಹೇಳಿಬಿಡಿ. ಕೂದಲು ಹೋದ ಹೆಂಗಸನ್ನು ಉಡಿ ತುಂಬುವ ಕಾರ್ಯಕ್ಕೆ ಕರೆಯದೇ ಬಿಡುವ ಮನೆಗಳಿವೆ. ಕರೆದರೂ ತಾವೇ ಹಿಂದೆ ಸರಿಯುವ ಹೆಂಗಸರೂ ಇದ್ದಾರೆ. ಅಲ್ಲಿ ನಮ್ಮ ಪರವಾಗಿ ಮಾತಾಡಬೇಕಾದವರು ಮನೆಯ ಹಿರಿಯರು. ಅತ್ತೆಯೋ ದೊಡ್ಡಮ್ಮನೋ "ಬಾರವ್ವಾ, ಮೊದಲ ನಿಂದ" ಅಂತ ಕರೆದು ಕೂರಿಸಿದರೆ ಉಳಿದವರು ತಾವೇ ಸುಮ್ಮನಾಗುತ್ತಾರೆ.

ಮನಸ್ಸಿನಲ್ಲಿ ಇರುವುದನ್ನೆಲ್ಲ ಹೇಳಿಕೊಳ್ಳುವುದಕ್ಕೆ ಒಬ್ಬರು ಸಾಕು. ಆ ಒಬ್ಬರು ಮನೆಯವರೇ ಆಗಬೇಕಿಲ್ಲ. ಅದೇ ಟ್ರೀಟ್‌ಮೆಂಟ್ ದಾಟಿ ಬಂದವರು ಸಿಕ್ಕರೆ ಇನ್ನೂ ಒಳ್ಳೆಯದು, ಅರ್ಧ ಹೇಳಿದರೆ ಪೂರ್ತಿ ಗೊತ್ತಾಗುತ್ತದೆ. ಓಪಿಡಿಯಲ್ಲಿ ಪಕ್ಕದಲ್ಲಿ ಕೂತವರ ನಂಬರ್ ತೆಗೆದುಕೊಳ್ಳಿ.

ಮಕ್ಕಳಿಂದ ಮುಚ್ಚಿಡಬೇಡಿ. ಅವರಿಗೆ ಹೇಗೂ ಗೊತ್ತಿರುತ್ತದೆ. "ಅಮ್ಮನಿಗೆ ಕಾಯಿಲೆ ಇತ್ತು, ಔಷಧಿ ಕೊಟ್ಟಾರ, ಈಗ ನಿಗಾ ಇಟ್ಟು ನೋಡ್ತಿದಾರ" ಅಷ್ಟು ಸಾಕು.

ಕನ್ನಡಿ

ಕೀಮೋ ಮುಗಿದು ಒಂದರಿಂದ ಮೂರು ತಿಂಗಳೊಳಗೆ ಕೂದಲು ಚಿಗುರಲು ಶುರುವಾಗುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮೊದಲು ಬರುವ ಕೂದಲು ಗುಂಗುರಾಗಿ ಇರಬಹುದು, ಬಣ್ಣವೂ ಬೇರೆ ಇರಬಹುದು. ಹೆರಳು ಹಾಕುವಷ್ಟು ಆಗಲು ವರ್ಷದ ಮೇಲೆಯೇ ಬೇಕು. ಅಲ್ಲಿಯವರೆಗೆ ಸೆರಗು, ಸ್ಕಾರ್ಫು, ಟೋಪಿ ಯಾವುದಾದರೂ ಸರಿ. ಏನೂ ಬೇಡ ಅನ್ನಿಸಿದರೆ ಅದೂ ಸರಿ.

ಎದೆ ತೆಗೆಸಿಕೊಂಡವರು ಗಾಯ ಪೂರ್ತಿ ಮಾಯುವವರೆಗೆ ಮೆತ್ತಗಿನ ಹತ್ತಿಯನ್ನು ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಹೊಲಿದು ಬ್ಲೌಸಿನ ಒಳಗೆ ಇಟ್ಟುಕೊಳ್ಳಬಹುದು. ಪರಿಚಯದ ಟೇಲರ್ ಹೆಂಗಸಿಗೆ ಹೇಳಿದರೆ ಒಳಗಡೆ ಜೇಬು ಹೊಲಿದು ಕೊಡುತ್ತಾರೆ. ಆಮೇಲೆ ಬೇಕಿದ್ದರೆ ಸಿಲಿಕೋನಿನದು ಸಿಗುತ್ತದೆ. ಅದಕ್ಕೆ ಸ್ವಲ್ಪ ತೂಕ ಇರುವುದರಿಂದ ಎರಡೂ ಕಡೆ ಸಮ ಅನ್ನಿಸುತ್ತದೆ.

ಗಾಯವನ್ನು ನೋಡಿಕೊಳ್ಳಲು ಆಗದವರು ಬಲವಂತ ಮಾಡಿಕೊಳ್ಳಬೇಡಿ. ಮೊದಲು ಬಟ್ಟೆಯ ಮೇಲಿನಿಂದ ಕೈ ಇಡಿ. ಆಮೇಲೆ ಸ್ನಾನದಲ್ಲಿ, ಆಮೇಲೆ ಕನ್ನಡಿಯಲ್ಲಿ. ಗಂಡ ಹೆಂಡತಿ ನಡುವೆ ಇದರ ಬಗ್ಗೆ ಮಾತೇ ಆಗುವುದಿಲ್ಲ. ಅವಳಿಗೆ ನೋವಾದೀತು ಅಂತ ಅವನು ದೂರ ಮಲಗುತ್ತಾನೆ, ಅಸಹ್ಯಪಟ್ಟ ಅಂತ ಅವಳು ಅಂದುಕೊಳ್ಳುತ್ತಾಳೆ. ದೀಪ ಆರಿಸಿದ ಮೇಲೆಯಾದರೂ ಸರಿ, ಒಬ್ಬರು ಬಾಯಿ ಬಿಡಬೇಕು. ಒಣಗುವಿಕೆ, ಉರಿ, ನೋವು ಇದ್ದರೆ ಅದಕ್ಕೆ ಕ್ರೀಮು, ಜೆಲ್ ಇವೆ. ಹೆಂಗಸರ ಡಾಕ್ಟರನ್ನು ಕೇಳಲು ನಾಚಿಕೆ ಬೇಡ. ಆದರೆ ನಿಮಗೆ ಯಾವ ಕ್ಯಾನ್ಸರ್ ಆಗಿತ್ತು ಅಂತ ಮೊದಲೇ ಹೇಳಿ. ಹಾರ್ಮೋನ್ ಇರುವ ಕ್ರೀಮು ಎಲ್ಲರಿಗೂ ಆಗಿಬರುವುದಿಲ್ಲ.

ಚೆಕಪ್ ಹತ್ತಿರ ಬಂದಾಗ

ಚೆಕಪ್ಪಿಗೆ ಒಂದು ವಾರ ಇರುವಾಗಲೇ ಹೊಟ್ಟೆಯಲ್ಲಿ ಸಂಕಟ ಶುರು. ಬೆನ್ನು ನೋವು ಬಂದರೆ ಮೂಳೆಗೆ ಹೋಯಿತಾ, ಕೆಮ್ಮು ಬಂದರೆ ಶ್ವಾಸಕೋಶಕ್ಕೆ ಹೋಯಿತಾ. ಈ ಭಯ ಪೂರ್ತಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಅದಕ್ಕೊಂದು ಕಟ್ಟುಪಾಡು ಹಾಕಬಹುದು.

ಹೊಸ ನೋವು ಬಂದರೆ ತಾರೀಖಿನ ಜೊತೆ ಬರೆದಿಡಿ. ಎರಡು ವಾರ ಕಾದರೂ ಹೋಗದಿದ್ದರೆ, ಅಥವಾ ದಿನದಿಂದ ದಿನಕ್ಕೆ ಜಾಸ್ತಿಯಾದರೆ ಚೆಕಪ್ ತಾರೀಖಿಗೆ ಕಾಯದೆ ತೋರಿಸಿ. ಹೊಸ ಗಂಟು, ಎಲ್ಲಿಂದಲಾದರೂ ರಕ್ತ, ಉಸಿರು ಕಟ್ಟುವುದು, ತಡೆಯಲಾಗದ ತಲೆನೋವು, ಕೈಕಾಲಿನ ಬಲ ಹೋಗುವುದು, ಇವಕ್ಕೆ ಎರಡು ವಾರದ ಲೆಕ್ಕ ಇಲ್ಲ. ತಕ್ಷಣ ಹೋಗಿ. ಮಿಕ್ಕದ್ದು ಹಾಳೆಯಲ್ಲಿ ಇರಲಿ. ಹಾಳೆಯಲ್ಲಿ ಇದ್ದರೆ ತಲೆಯಲ್ಲಿ ಸ್ವಲ್ಪ ಜಾಗ ಸಿಗುತ್ತದೆ.

ಚೆಕಪ್ ಸಾಮಾನ್ಯವಾಗಿ ಮೊದಲ ಎರಡು ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಇರುತ್ತದೆ. ನಿಮ್ಮದು ಹೇಗೆ ಅಂತ ಡಾಕ್ಟರು ಬರೆದುಕೊಟ್ಟಿರುತ್ತಾರೆ. ಬೆಂಗಳೂರಿಗೆ ಹೋಗುವವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಅನುಕೂಲ. ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೂರೂ ಕಡೆ ನಿಲ್ಲುತ್ತದೆ. ಕ್ಯಾನ್ಸರ್ ರೋಗಿಗಳಿಗೆ ಚೆಕಪ್ಪಿಗೆ ಹೋಗಿಬರಲೂ ರೈಲಿನಲ್ಲಿ ರಿಯಾಯಿತಿ ಇದೆ, ಜೊತೆಗೆ ಬರುವ ಒಬ್ಬರಿಗೂ ಇದೆ. ಅದಕ್ಕೆ ಬೇಕಾದ ಸರ್ಟಿಫಿಕೇಟನ್ನು ಆಸ್ಪತ್ರೆಯಲ್ಲೇ ಕೇಳಿ ಮಾಡಿಸಿಟ್ಟುಕೊಳ್ಳಿ. ಬಸ್ಸಿನಲ್ಲಿ ಹೋಗುವ ಹೆಂಗಸರಿಗೆ ಶಕ್ತಿ ಯೋಜನೆ 2023ರ ಜೂನ್‌ನಿಂದ ಇದ್ದೇ ಇದೆ.

ಫೈಲಿನಲ್ಲಿ ಹೊಸ ಕಾಗದ ಮೇಲೆ, ಹಳೆಯದು ಕೆಳಗೆ ಇರಲಿ. ಬಯಾಪ್ಸಿ ರಿಪೋರ್ಟು, ಡಿಸ್ಚಾರ್ಜ್ ಕಾಗದ ಎರಡರ ಫೋಟೋ ಮೊಬೈಲಿನಲ್ಲಿರಲಿ. ಕೇಳಬೇಕಾದ ಪ್ರಶ್ನೆ ಮೂರಕ್ಕಿಂತ ಜಾಸ್ತಿ ಬೇಡ, ಅಷ್ಟು ದೊಡ್ಡ ಸಾಲಿನಲ್ಲಿ ಅಷ್ಟೇ ಸಾಧ್ಯ. "ಸುಸ್ತಿದೆ, ನಿದ್ದೆ ಇಲ್ಲ, ಅಳು ಬರುತ್ತದೆ" ಅನ್ನುವುದು ಆ ಮೂರರಲ್ಲಿ ಒಂದಾಗಿರಲಿ. ನೀವು ಹೇಳದಿದ್ದರೆ ಡಾಕ್ಟರಿಗೆ ಅದು ಗೊತ್ತಾಗುವುದಿಲ್ಲ.

ಇದು ಬೇಜಾರೋ, ಕಾಯಿಲೆಯೋ

ಎರಡು ವಾರಕ್ಕೂ ಮೇಲೆ ದಿನದ ಬಹುಪಾಲು ಮಂಕು, ಇಷ್ಟವಾದದ್ದೂ ಬೇಡ ಅನ್ನಿಸುವುದು, ನಿದ್ದೆ ಊಟ ಕೆಟ್ಟುಹೋಗುವುದು ಇದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಮನೋವೈದ್ಯರಿಗೆ ತೋರಿಸಿದರೆ ಹುಚ್ಚು ಅಂತಲ್ಲ. ಕೊಪ್ಪಳದ ಕಿಮ್ಸ್, ರಾಯಚೂರಿನ ರಿಮ್ಸ್, ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜು, ಮೂರೂ ಕಡೆ ಮನೋರೋಗ ವಿಭಾಗದ ಓಪಿಡಿಗೆ ಚೀಟಿ ಮಾಡಿಸಬಹುದು. ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ಊರಿಗೆ ಯಾವಾಗ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಟಮೋಕ್ಸಿಫೆನ್ ತೆಗೆದುಕೊಳ್ಳುವವರು ಅದನ್ನು ಮನೋವೈದ್ಯರಿಗೆ ಹೇಳಲೇಬೇಕು. ಪ್ಯಾರಾಕ್ಸೆಟಿನ್, ಫ್ಲೂಯಾಕ್ಸೆಟಿನ್ ತರಹದ ಕೆಲವು ಖಿನ್ನತೆಯ ಮಾತ್ರೆಗಳು ಟಮೋಕ್ಸಿಫೆನ್ನಿನ ಕೆಲಸವನ್ನು ಕಡಿಮೆ ಮಾಡುತ್ತವೆ. ಬೇರೆ ಮಾತ್ರೆಗಳಿವೆ, ಅವರು ನೋಡಿ ಕೊಡುತ್ತಾರೆ.

ಹೊರಗೆ ಹೋಗಲು ಮನಸ್ಸಿಲ್ಲದವರು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದರೆ ಅವತ್ತೇ, ಆ ಗಳಿಗೆಯಲ್ಲೇ ಮಾಡಿ. ಜೊತೆಗೆ ಮನೆಯಲ್ಲಿ ಒಬ್ಬರಿಗೆ ಹೇಳಿ, ಒಬ್ಬರೇ ಇರಬೇಡಿ. ಮನೆಯವರು ಇಂಥ ಮಾತು ಕೇಳಿದರೆ ಹೊಲಕ್ಕೆ ತಂದ ಔಷಧಿ, ಜಾಸ್ತಿ ಉಳಿದ ಮಾತ್ರೆ ಮೊದಲು ಮನೆಯಿಂದ ಹೊರಗೆ ಸಾಗಿಸಿ.

ಮೊದಲಿನ ಹಾಗೇ ಆಗಬೇಕಾ?

ಎಲ್ಲರೂ ಹಾರೈಸುವುದು "ಮೊದಲಿನ ಹಾಗೆ ಆಗು" ಅಂತ. ಮೇಲೆ ಹೇಳಿದ ಹಾಳೆಯನ್ನು ಒಂದಿಷ್ಟು ತಿಂಗಳು ಬಿಟ್ಟು ಇನ್ನೊಮ್ಮೆ ತೆಗೆದು ನೋಡಿ. ಅದರಲ್ಲಿ ಕೆಲವು ಕೆಲಸ ವಾಪಸ್ ಬೇಡವೇ ಬೇಡ ಅನ್ನಿಸುತ್ತದೆ. ಹಬ್ಬಕ್ಕೆ ಇಡೀ ಬಳಗಕ್ಕೆ ಒಬ್ಬಳೇ ಹೋಳಿಗೆ ಮಾಡುವುದು ನನಗೆ ಹಾಗೆ ಅನ್ನಿಸಿತು. ಬಿಟ್ಟೆ. ಯಾರೂ ಉಪವಾಸ ಇರಲಿಲ್ಲ. ಆ ಹೊತ್ತಿಗೆ ಓಣಿಯ ಭಜನೆ ಗುಂಪಿಗೆ ಸೇರಿಕೊಂಡೆ. ಕೂತು ಹಾಡಬಹುದು, ಸುಸ್ತಾದರೆ ತಾಳ ಹಾಕಬಹುದು, ಅಲ್ಲಿ ಯಾರೂ ರಿಪೋರ್ಟ್ ಕೇಳುವುದಿಲ್ಲ.

ನಿಮಗೆ ಅದೇ ಬೇಕಂತಿಲ್ಲ. ಹೊಲಿಗೆ ಇರಲಿ, ಸ್ಕೂಟಿ ಕಲಿಯುವುದಿರಲಿ, ಎಂದೋ ಬಿಟ್ಟ ಓದು ಇರಲಿ. ದೇಹದಿಂದ ಆಗುವ ಗುರಿ ಬೇಕು ಅನ್ನುವವರಿಗೆ ಗಂಗಾವತಿ ಹತ್ತಿರದ ಅಂಜನಾದ್ರಿ ಬೆಟ್ಟ ಇದೆ, 575 ಮೆಟ್ಟಿಲು. ಚಳಿಗಾಲದಲ್ಲಿ, ಡಾಕ್ಟರನ್ನು ಕೇಳಿ, ಮೊದಲ ಸಲ ಐವತ್ತು ಹತ್ತಿ ಇಳಿದು ಬನ್ನಿ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಬೇಕು, ಜನರ ಕಣ್ಣು ತಪ್ಪಿಸಬಾರದು ಅನ್ನುವವರು ತೇರಿನ ದಿನದ ನೂಕುನುಗ್ಗಲು ಬಿಟ್ಟು ಮಾರನೇ ದಿನಗಳಲ್ಲಿ ಒಬ್ಬರ ಜೊತೆ ಹೋಗಿ. ಎಳ್ಳಮವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಹೋಗುವುದು ಇನ್ನೂ ಸುಲಭ. ಬರೀ ಮನೆಯವರು, ಸಜ್ಜೆ ರೊಟ್ಟಿ, ಬೇಕಾದಾಗ ಗಿಡದ ನೆರಳಲ್ಲಿ ಮಲಗಬಹುದು.

ಮನೆಯವರಿಗೆ

"ಧೈರ್ಯವಾಗಿರು" ಅನ್ನುವುದನ್ನು ಕಡಿಮೆ ಮಾಡಿ. "ಇವತ್ತು ಹೇಗಿದೆ?" ಅಂತ ಕೇಳಿ, ಉತ್ತರ ಬರುವ ತನಕ ಕಾಯಿರಿ. ಅತ್ತರೆ ಅಳಲಿ, ಟಿವಿ ಹಚ್ಚಬೇಡಿ. ಮನೆಯ ತೀರ್ಮಾನಗಳಲ್ಲಿ ಅವರನ್ನು ಕೇಳಿ, ಅದು ಎಮ್ಮೆ ಮಾರುವುದಿರಲಿ, ಮಗಳ ಕಾಲೇಜಿರಲಿ. ಇಷ್ಟು ದಿನ ಆಸ್ಪತ್ರೆಗೆ ಜೊತೆಗೆ ಓಡಾಡಿದವರು ತಾವೂ ಒಮ್ಮೆ ಬಿಪಿ, ಶುಗರ್ ತೋರಿಸಿಕೊಳ್ಳಿ. ನಿಮಗೂ ನಿದ್ದೆ ಇಲ್ಲದಿದ್ದರೆ 14416 ನಿಮ್ಮದೂ ಹೌದು. ಕಾಯಿಲೆಯಿಂದ ಎದ್ದವರು ಯಾವುದಾದರೂ ಕೆಲಸಕ್ಕೆ ಕೈ ಹಾಕಿದಾಗ ಬೇಡ ಅನ್ನುವ ಮುಂಚೆ ಪಕ್ಕದಲ್ಲಿ ಒಂದು ಸ್ಟೂಲು ಇಡಿ.